ಲಾಟ್ ಬದಲಾದಾಗಲೆಲ್ಲ ಸೆಟ್ಟಿಂಗ್ ಬದಲಿಸಬೇಕೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮೋಲ್ಡಿಂಗ್ ಘಟಕವಿದೆ. ಪಾಲಿಪ್ರೊಪಿಲೀನ್‌ನಿಂದ 38 ಮಿ.ಮೀ. ವ್ಯಾಸದ ಬಾಟಲಿ ಮುಚ್ಚಳಗಳನ್ನು ಬಿಳಿ ಮತ್ತು ನೀಲಿ ಬಣ್ಣಗಳಲ್ಲಿ ತಯಾರಿಸುತ್ತೇವೆ. ಯಂತ್ರ, ಅಚ್ಚು, ಸೆಟ್ಟಿಂಗ್ ಎಲ್ಲವೂ ಅವೇ ಆಗಿದ್ದರೂ ಕಚ್ಚಾವಸ್ತುವಿನ ಹೊಸ ಲಾಟಿನ ಚೀಲ ಬಿಚ್ಚಿದಾಗ ಒಮ್ಮೆ ಫ್ಲ್ಯಾಶ್ (ಅಂಚಿನಲ್ಲಿ ಹೊರಚಾಚುವ ತೆಳು ಪದರ) ಬರುತ್ತದೆ, ಇನ್ನೊಮ್ಮೆ ಶಾರ್ಟ್ ಶಾಟ್ (ಪೂರ್ತಿ ತುಂಬದ ಮುಚ್ಚಳ) ಆಗುತ್ತದೆ. ನೀಲಿ ಮುಚ್ಚಳದ ಅಳತೆಯೂ ಬೇರೆ ಬರುತ್ತದೆ. ಪ್ರತಿ ಶಿಫ್ಟಿನಲ್ಲೂ ಆಪರೇಟರ್ ಬ್ಯಾರೆಲ್ (ಪ್ಲಾಸ್ಟಿಕ್ ಕರಗಿಸುವ ಕೊಳವೆ) ತಾಪಮಾನವನ್ನು ತನಗೆ ತೋಚಿದಂತೆ ಬದಲಿಸುತ್ತಾರೆ. ಕಚ್ಚಾವಸ್ತುವಿನ ಪೂರೈಕೆದಾರರನ್ನೇ ಬದಲಿಸಬೇಕೇ?

ಉತ್ತರ: ಬದಲಿಸುವ ಮೊದಲು ನಿಮ್ಮ ಯಂತ್ರದಲ್ಲಿ ಒಂದು ಅಂಶವನ್ನು ನೋಡಿ. ಅಚ್ಚು ತುಂಬುವಾಗ ಇಂಜೆಕ್ಷನ್ ಒತ್ತಡ ಏರುವ ಗರಿಷ್ಠ ಮಟ್ಟವೂ ನೀವು ನಿಗದಿಪಡಿಸಿರುವ ಒತ್ತಡದ ಮಿತಿಯೂ ಒಂದೇ ಆಗಿದ್ದರೆ, ನಿಮ್ಮ ತೊಂದರೆಯ ಬಹುಪಾಲು ಅಲ್ಲಿಯೇ ಇದೆ. ಆ ಸ್ಥಿತಿಯಲ್ಲಿ ಕರಗಿದ ಪ್ಲಾಸ್ಟಿಕ್ ಅನ್ನು ಅಚ್ಚಿಗೆ ತಳ್ಳುವ ಸ್ಕ್ರೂವಿನ ವೇಗವನ್ನು ನೀವು ಕೊಟ್ಟ ಸೆಟ್ಟಿಂಗ್ ನಿರ್ಧರಿಸುವುದಿಲ್ಲ, ಪ್ಲಾಸ್ಟಿಕ್‌ನ ಸ್ನಿಗ್ಧತೆ (ಹರಿಯಲು ತೋರುವ ಪ್ರತಿರೋಧ) ನಿರ್ಧರಿಸುತ್ತದೆ. ಗಟ್ಟಿಯಾದ ಲಾಟ್ ಬಂದರೆ ಸ್ಕ್ರೂ ನಿಧಾನವಾಗಿ ಅಚ್ಚು ಪೂರ್ತಿ ತುಂಬುವುದಿಲ್ಲ. ತೆಳುವಾದ ಲಾಟ್ ಬಂದರೆ ಅದೇ ಒತ್ತಡದಲ್ಲಿ ವೇಗವಾಗಿ ನುಗ್ಗಿ ಅಚ್ಚಿನ ಎರಡು ಭಾಗಗಳು ಸೇರುವ ಪಾರ್ಟಿಂಗ್ ಲೈನಿನಿಂದ ಹೊರಗೆ ಇಣುಕುತ್ತದೆ. ನಿಮ್ಮ ಎರಡೂ ದೂರುಗಳಿಗೆ ಕಾರಣ ಒಂದೇ ಇರಬಹುದು.

ಪೂರೈಕೆದಾರರ ಪತ್ರದಲ್ಲಿ ಎಂಎಫ್‌ಐ (ಮೆಲ್ಟ್ ಫ್ಲೋ ಇಂಡೆಕ್ಸ್) 11 ಎಂದು ಬರೆದಿದ್ದರೆ, 230 ಡಿಗ್ರಿ ಸೆಲ್ಸಿಯಸ್‌ನಲ್ಲಿ 2.16 ಕೆ.ಜಿ. ಭಾರದಡಿ 10 ನಿಮಿಷಕ್ಕೆ 11 ಗ್ರಾಂ ಕರಗಿದ ಪ್ಲಾಸ್ಟಿಕ್ ಹರಿಯಿತು ಎಂದರ್ಥ. ಗ್ರೇಡಿನ ಹಾಳೆಯಲ್ಲಿರುವುದು ಮಧ್ಯದ ಅಂಕಿ ಮಾತ್ರ. ಲಾಟಿನಿಂದ ಲಾಟಿಗೆ ಅದು ಎರಡೂ ಕಡೆಗೆ ಸರಿಯುವುದು ಸಹಜ. ಅಲ್ಲದೆ ಇದು ಬಹಳ ನಿಧಾನಗತಿಯ ಹರಿವಿನ ಪರೀಕ್ಷೆ. ಅಚ್ಚಿನೊಳಗೆ ಪ್ಲಾಸ್ಟಿಕ್ ಪ್ರವೇಶಿಸುವ ಗೇಟಿನ ಮೂಲಕ ರಭಸದಿಂದ ನುಗ್ಗುವಾಗ ಪಾಲಿಪ್ರೊಪಿಲೀನ್ ಬಹಳಷ್ಟು ತೆಳುವಾಗುತ್ತದೆ, ಮತ್ತು ಆ ವೇಗದಲ್ಲಿ ಲಾಟುಗಳ ನಡುವಿನ ಅಂತರವೂ ಕಿರಿದಾಗುತ್ತದೆ. ಆದ್ದರಿಂದ ನಿಧಾನವಾಗಿ ತುಂಬಿದರೆ ಸುರಕ್ಷಿತ ಎಂಬ ರೂಢಿಯ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

ಮೊದಲು ಹೋಲ್ಡಿಂಗ್ ಒತ್ತಡವನ್ನು (ಅಚ್ಚು ತುಂಬಿದ ಮೇಲೆ ಒತ್ತಿ ಹಿಡಿಯುವ ಒತ್ತಡ) ತಾತ್ಕಾಲಿಕವಾಗಿ ತೀರಾ ಕೆಳಕ್ಕಿಳಿಸಿ, ಮುಚ್ಚಳ 95ರಿಂದ 98 ಶೇಕಡಾ ಮಾತ್ರ ತುಂಬುವಂತೆ ಸ್ವಿಚ್‌ಓವರ್ (ತುಂಬುವ ಹಂತದಿಂದ ಹೋಲ್ಡಿಂಗ್‌ಗೆ ಬದಲಾಗುವ) ಸ್ಥಾನವನ್ನು ಹೊಂದಿಸಿ. ಅರೆತುಂಬಿದ ಮುಚ್ಚಳ, ಅದರ ಒಳಭಾಗವನ್ನು ರೂಪಿಸುವ ಕೋರ್‌ನ ತಿರುಪು ಎಳೆಗಳಲ್ಲಿ ಸಿಕ್ಕಿಕೊಳ್ಳದೆ ಹೊರಬರುತ್ತದೆಯೇ ಎಂದು ಒಂದೊಂದೇ ಶಾಟ್ ತೆಗೆದು ಖಚಿತಪಡಿಸಿಕೊಳ್ಳಿ. ಸ್ವಿಚ್‌ಓವರ್ ಸಮಯದ ಮೇಲಿದ್ದರೆ ಅದನ್ನು ಸ್ಕ್ರೂವಿನ ಸ್ಥಾನಕ್ಕೆ ಬದಲಿಸಿ. ಅನಂತರವೇ ಒತ್ತಡದ ಮಿತಿಯನ್ನು ನಿಜವಾಗಿ ಬೇಕಾಗುವ ಒತ್ತಡಕ್ಕಿಂತ ಸ್ವಲ್ಪ ಮೇಲಕ್ಕೆ ಏರಿಸಿ, ಹೋಲ್ಡಿಂಗ್ ಒತ್ತಡವನ್ನು ಮೊದಲಿನ ಮಟ್ಟಕ್ಕೆ ತನ್ನಿ. ಈ ಕ್ರಮ ತಲೆಕೆಳಗಾದರೆ ಅಚ್ಚಿಗೇ ಪೆಟ್ಟು ಬೀಳಬಹುದು. ಹೀಗೆ ಹೊಂದಿಸಿದ ಮೇಲೆ ಲಾಟ್ ಯಾವುದಾದರೂ ತುಂಬುವ ಸಮಯ ಸ್ಥಿರವಾಗಿರುತ್ತದೆ. ಬದಲಾಗುವುದು ಒತ್ತಡದ ಗರಿಷ್ಠ ಅಂಕಿ. ಆ ಅಂಕಿಯನ್ನು ಪ್ರತಿ ಲಾಟಿನ ಸಂಖ್ಯೆಯ ಜೊತೆ ಬರೆದಿಡಿ: ಯಂತ್ರವೇ ನಿಮ್ಮ ಪ್ರಯೋಗಾಲಯವಾಗುತ್ತದೆ.

ಇದರಿಂದ ಎಲ್ಲವೂ ಸರಿಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಹೋಲ್ಡಿಂಗ್ ಹಂತ ಒತ್ತಡದಿಂದಲೇ ನಡೆಯುವುದರಿಂದ, ಗಟ್ಟಿಯಾದ ಲಾಟಿನಲ್ಲಿ ಗೇಟಿನಿಂದ ದೂರದ ಅಂಚಿಗೆ ತಲುಪುವ ಒತ್ತಡ ಕಡಿಮೆಯಾಗಿ ಮುಚ್ಚಳ ಹೆಚ್ಚು ಕುಗ್ಗುತ್ತದೆ. ಅಚ್ಚಿನೊಳಗೆ ಒತ್ತಡದ ಸೆನ್ಸರ್ ಇಲ್ಲದ ಘಟಕಕ್ಕೆ ನಾನು ಸೂಚಿಸುವುದು ತೂಕ. ಲಾಟ್ ಬದಲಾದ ಮೇಲೆ ಐದು ಮುಚ್ಚಳಗಳನ್ನು ತೂಗಿ, ತೂಕ ಇಳಿದಿದ್ದರೆ ಹೋಲ್ಡಿಂಗ್ ಒತ್ತಡವನ್ನು ಮಾತ್ರ ತುಸು ಏರಿಸಿ. ಆಪರೇಟರ್‌ಗೆ ಈ ಒಂದೇ ಬದಲಾವಣೆಗೆ, ಅದೂ ಬರೆದಿಟ್ಟ ಮಿತಿಯೊಳಗೆ, ಅವಕಾಶ ಕೊಡಿ. ಬ್ಯಾರೆಲ್ ತಾಪಮಾನ ಬದಲಿಸಿದರೆ ಅದರ ಪರಿಣಾಮ ನೆಲೆಗೊಳ್ಳಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಮುಂದಿನ ಶಿಫ್ಟಿನವರು ಮತ್ತೊಮ್ಮೆ ತಿರುಗಿಸಿರುತ್ತಾರೆ.

ನೀಲಿ ಮುಚ್ಚಳದ ವಿಷಯವೇ ಬೇರೆ. ಥ್ಯಾಲೋಸಯನಿನ್ ನೀಲಿ ವರ್ಣದ್ರವ್ಯದ ಕಣಗಳ ಸುತ್ತ ಪಾಲಿಪ್ರೊಪಿಲೀನ್ ಬೇಗ ಸ್ಫಟಿಕೀಕರಣಗೊಳ್ಳುವುದರಿಂದ ಕುಗ್ಗುವಿಕೆ ಬದಲಾಗುತ್ತದೆ. 38 ಮಿ.ಮೀ. ವ್ಯಾಸದಲ್ಲಿ ಕುಗ್ಗುವಿಕೆ 0.2 ಶೇಕಡಾ ಬದಲಾದರೂ ಅಳತೆ ಸುಮಾರು 0.08 ಮಿ.ಮೀ. ಸರಿಯುತ್ತದೆ. ನೀಲಿಗೆ ಪ್ರತ್ಯೇಕ ಸೆಟ್ಟಿಂಗ್ ಹಾಳೆ ಇಡಿ, ಮಾಸ್ಟರ್‌ಬ್ಯಾಚ್ (ಬಣ್ಣದ ಸಾಂದ್ರ ಹರಳು) ಪ್ರಮಾಣವನ್ನು ಕೈಯಳತೆಗೆ ಬಿಡದೆ ತೂಗಿ ಹಾಕಿಸಿ. ಅಚ್ಚಿನಿಂದ ಹೊರಬಂದ ಮೇಲೂ ಕುಗ್ಗುವಿಕೆ ಮುಂದುವರಿಯುವ ಕಾರಣ ಅಂತಿಮ ಅಳತೆಯನ್ನು 24 ಗಂಟೆಯ ನಂತರ ತೆಗೆಯಿರಿ.

ರನ್ನರ್‌ಗಳನ್ನು (ಅಚ್ಚಿನ ಕಾಲುವೆಗಳಲ್ಲಿ ಗಟ್ಟಿಯಾಗಿ ಉಳಿಯುವ ಪ್ಲಾಸ್ಟಿಕ್) ಪುಡಿಮಾಡಿ ಮತ್ತೆ ಬಳಸುತ್ತಿದ್ದರೆ ಅದೂ ಕಚ್ಚಾವಸ್ತುವಿನ ಏರುಪೇರೇ. ಬೆಳಗ್ಗೆ ಸ್ವಲ್ಪವೂ ಇಲ್ಲದೆ, ಸಂಜೆ ಉಳಿದದ್ದನ್ನೆಲ್ಲ ಹಾಪರ್‌ಗೆ ಸುರಿಯುವುದಕ್ಕಿಂತ ದಿನವಿಡೀ ಒಂದೇ ಪ್ರಮಾಣದಲ್ಲಿ ಬೆರೆಸುವುದು ಎಷ್ಟೋ ಮೇಲು. ಪಾಲಿಪ್ರೊಪಿಲೀನ್ ತೇವ ಹೀರುವುದಿಲ್ಲ, ಹಾಗಾಗಿ ಒಣಗಿಸುವ ಚಿಂತೆ ನಿಮಗಿಲ್ಲ. ನೈಲಾನ್ ಕೆಲಸ ಹಿಡಿದರೆ ಅದೇ ಮೊದಲ ಚಿಂತೆಯಾಗುತ್ತದೆ.

ಇನ್ನು ಪೂರೈಕೆದಾರರ ವಿಷಯ. ಪ್ರತಿ ಲಾಟಿಗೂ ಆ ಲಾಟಿನದೇ ಪರೀಕ್ಷಾ ಪತ್ರವನ್ನು ಕೇಳಿ ಪಡೆಯಿರಿ, ಪ್ರತಿ ಲಾಟಿನಿಂದ ಒಂದು ಕೆ.ಜಿ. ಮಾದರಿಯನ್ನು ಗುರುತು ಹಾಕಿ ಮುಚ್ಚಿಡಿ. ಇಷ್ಟೆಲ್ಲ ಮಾಡಿದ ಮೇಲೂ ಒಂದು ಲಾಟಿನ ಒತ್ತಡದ ಅಂಕಿ ಉಳಿದವುಗಳಿಂದ ಬಹುದೂರ ಹೋದರೆ, ಆ ಮಾದರಿಯನ್ನೂ ನಿಮ್ಮ ದಾಖಲೆಯನ್ನೂ ಮುಂದಿಟ್ಟು ದೂರು ಕೊಡಿ. ಅಂಥ ಲಾಟುಗಳು ಮರುಕಳಿಸಿದರೆ ಆಗ ಪೂರೈಕೆದಾರರನ್ನು ಬದಲಿಸಿ.