ಮುಖ ಬಿಡಿ, ಪಾದ ನೋಡಿ

"ಮೆಕ್ಸಿಕೋದ ಹಳೆಯ ಅಜ್ಟೆಕ್ ಜನರ ಚಿತ್ರಪುಸ್ತಕಗಳಲ್ಲಿ ದೇವರುಗಳೆಲ್ಲ ಒಂದೇ ಥರ ಕಾಣುತ್ತಾರೆ. ಯಾರು ಯಾರು ಅಂತ ಗುರುತಿಸೋದು ಹೇಗೆ?" ಅಂತ ಕೇಳಿದ್ದೀರಿ.

ಮೊದಮೊದಲು ನನಗೂ ಹಾಗೇ ಅನಿಸಿತ್ತು. ಸುಮ್ನೆ ಮುಖಗಳನ್ನೇ ದಿಟ್ಟಿಸುತ್ತಿದ್ದೆ, ಏನೂ ಹತ್ತುತ್ತಿರಲಿಲ್ಲ. ಈ ಚಿತ್ರಗಳಲ್ಲಿ ಸಿಟ್ಟು, ನಗು ಅಂತ ಹುಡುಕಿದರೆ ಸಿಗೋದು ಕಡಿಮೆ. ಮೈಗೆ ಬಳಿದ ಬಣ್ಣ, ತಲೆಗೆ ಕಟ್ಟಿದ್ದು, ತೊಟ್ಟಿದ್ದು ನೋಡಬೇಕು.

ಕೆಲವರು ಸುಲಭ. ಕಣ್ಣಿನ ಸುತ್ತ ಕನ್ನಡಕದ ಹಾಗೆ ಬಳೆ, ಬಾಯಿಂದ ಇಳಿಬಿದ್ದ ಕೋರೆಹಲ್ಲು ಇದ್ದರೆ ಮಳೆದೇವರು ತ್ಲಾಲೋಕ್. ಬಾಯಿಯ ಜಾಗದಲ್ಲಿ ಕೆಂಪು ಕೊಕ್ಕು ಇದ್ದರೆ ಗಾಳಿಯ ದೇವರು ಎಹೆಕಾಟ್ಲ್, ಅಂದರೆ ಗರಿಯುಳ್ಳ ಹಾವಿನ ದೇವರು ಕೆಟ್ಸಾಲ್‌ಕೋಆಟ್ಲ್‌ನ ಇನ್ನೊಂದು ರೂಪ.

ನನಗೆ ಜಾಸ್ತಿ ಇಷ್ಟ ತೆಸ್ಕಾಟ್ಲಿಪೋಕಾ. ಹೆಸರಿನ ಅರ್ಥವೇ 'ಹೊಗೆಯಾಡುವ ಕನ್ನಡಿ'. ವ್ಯಾಟಿಕನ್ ಗ್ರಂಥಾಲಯದಲ್ಲಿರುವ ಬೋರ್ಜಿಯಾ ಅನ್ನೋ ಚಿತ್ರಪುಸ್ತಕದ 17ನೇ ಪುಟ ತೆಗೆಯಿರಿ. ಮುಖದ ಮೇಲೆ ಕಪ್ಪು, ಹಳದಿ ಪಟ್ಟೆ. ಕಣ್ಣು ಕೆಳಗಿಳಿಸಿದರೆ ಒಂದು ಪಾದವೇ ಇಲ್ಲ, ಆ ಜಾಗದಲ್ಲಿ ಕನ್ನಡಿ! ಭೂಮಿಯ ಮೊಸಳೆಯಂಥ ಪ್ರಾಣಿ ಪಾದ ಕಚ್ಚಿಕೊಂಡು ಹೋಯಿತು ಅನ್ನೋ ಕಥೆ ಇದೆ. ಮೈತುಂಬ ಅಂಟಿಸಿದ ಹಾಗೆ ಕಾಣೋ ಪುಟ್ಟ ಚಿತ್ರಗಳು ಪಂಚಾಂಗದ 20 ದಿನಗಳ ಗುರುತು. 1ರಿಂದ 13ರ ಎಣಿಕೆ ಜೊತೆ ಅವನ್ನು ಹೊಂದಿಸಿದರೆ 260 ದಿನಗಳ ಒಂದು ಸುತ್ತು. ಮಗು ಹುಟ್ಟಿದಾಗ, ಮದುವೆಗೆ ದಿನ ನೋಡುವಾಗ, ತಿಳಿದವರು ಇಂಥ ಪುಸ್ತಕ ಬಿಚ್ಚುತ್ತಿದ್ದರು. ಅಂದಹಾಗೆ ಬೋರ್ಜಿಯಾ ಅಜ್ಟೆಕರ ರಾಜಧಾನಿಯಲ್ಲಿ ಬರೆದದ್ದಲ್ಲ, ಮೆಕ್ಸಿಕೋದ ಪ್ವೆಬ್ಲಾ ಕಡೆಯದು ಅಂತ ಹೆಚ್ಚಿನವರ ಅಭಿಪ್ರಾಯ. ದೇವರುಗಳು ಮಾತ್ರ ಬಹುಮಟ್ಟಿಗೆ ಅವರೇ.

ಒಂದೇ ಗುರುತು ನಂಬಿಕೊಂಡರೆ ಮೋಸ ಹೋಗ್ತೀರಿ. ನಾನು ಹೋಗಿದ್ದೇನೆ. ಸುಲಿದ ಮನುಷ್ಯ ಚರ್ಮ ಹೊದ್ದವನು ಶಿಪೆ ತೋಟೆಕ್ ಅಂತ ಕಲಿತಿದ್ದೆ. ಮಣಿಕಟ್ಟಿನ ಹತ್ತಿರ ಸತ್ತವನ ಕೈಗಳು ಜೋತಾಡುತ್ತಿರುತ್ತವೆ, ಒಮ್ಮೆ ನೋಡಿದರೆ ಮರೆಯೋಕಾಗಲ್ಲ. ಪ್ಯಾರಿಸ್ಸಿನಲ್ಲಿರುವ ಇನ್ನೊಂದು ಚಿತ್ರಪುಸ್ತಕ ಬೋರ್ಬೋನಿಕಸ್‌ನ 13ನೇ ಪುಟದಲ್ಲೂ ಅದೇ ಚರ್ಮ, ಅದೇ ಜೋತಾಡುವ ಕೈ ಕಂಡಿತು. ಶಿಪೆ ಅಂದುಕೊಂಡೆ. ಆದರೆ ಕಾಲಿನ ನಡುವೆ ಒಂದು ಮಗು ಹೊರಬರುತ್ತಿದೆ! ತಲೆಯ ಪಟ್ಟಿ ನೋಡಿದರೆ ಹತ್ತಿ, ಅದರಲ್ಲಿ ಸಿಕ್ಕಿಸಿದ ನೂಲುವ ಕದಿರು. ಅವಳು ತ್ಲಾಸೋಲ್‌ತೇಓಟ್ಲ್, ಜನರ ಪಾಪದ ಕೊಳೆ ತಿನ್ನುವ ದೇವಿ. ಬಾಯಿಯ ಸುತ್ತ ಬಳಿದ ಕಪ್ಪು ಅವಳ ಇನ್ನೊಂದು ಗುರುತು. ಈ ದೇವರುಗಳು ಒಬ್ಬರ ಉಡುಪು ಒಬ್ಬರು ತೊಡುತ್ತಾರೆ, ಹಾಗಾಗಿ ಕನಿಷ್ಠ ಎರಡು ಮೂರು ಗುರುತು ಸೇರಿಸಿ ನೋಡಿ.

ಬೋರ್ಜಿಯಾ ಪೂರ್ತಿ ವ್ಯಾಟಿಕನ್ ಗ್ರಂಥಾಲಯದ ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಬಲದಿಂದ ಎಡಕ್ಕೆ ಓದಬೇಕು ಅನ್ನೋದು ನೆನಪಿರಲಿ. 56ನೇ ಪುಟದಲ್ಲಿ ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಒಬ್ಬನದು ತಲೆಬುರುಡೆ ಮುಖ, ಸಾವಿನ ದೇವರು. ಇನ್ನೊಬ್ಬನಿಗೆ ಕೊಕ್ಕಿದೆ. ಅವನು ಯಾರು ಅಂತ ಈಗ ನೀವೇ ಹೇಳಬಹುದು, ಅಲ್ವಾ?