4ಎಎ ಎಂಬ್ರಿಯೋ ಹಾಕಿದ್ರೂ ನಿಲ್ಲಲಿಲ್ಲ, ಕ್ವಾಲಿಟಿ ಹೆಚ್ಚಿಸೋಕೆ ಏನು ತಿನ್ಬೇಕು?

ನಂದೂ 4ಎಎನೇ, ಅಂದ್ರೆ ಐವಿಎಫ್ ಲ್ಯಾಬಲ್ಲಿ ಬೆಳೆಸಿದ ಎಂಬ್ರಿಯೋಗೆ, ಅದೇ ಭ್ರೂಣಕ್ಕೆ, ಕೊಡೋ ಒಳ್ಳೇ ಗ್ರೇಡು. ಗೋಣಿಕೊಪ್ಪದಿಂದ ಮೈಸೂರಿಗೆ ಓಡಾಡಿ ಹಾಕಿಸ್ಕೊಂಡಿದ್ದು, ಬೀಟಾ, ಅದೇ ಬಸಿರು ನಿಂತಿದೆಯಾ ನೋಡೋ ರಕ್ತಪರೀಕ್ಷೆ, ನೆಗೆಟಿವ್. ತಿತಿಮತಿ ಹತ್ರ ಕಾರು ಕುಲುಕಿದ್ದಕ್ಕೆ ಜಾರಿರಬೇಕು ಅಂತ ನಮ್ಮತ್ತೆ, ಮಲಗಿರಲಿಲ್ಲ ಅದಕ್ಕೇ ಅಂತ ನಾದಿನಿ. ಎರಡೂ ಸುಳ್ಳು.

ಆಗಿದ್ದೇನಂದ್ರೆ, ಮುಂಚೆ ಬೇರೆ ಕಡೆ ಎಚ್‌ಎಸ್‌ಜಿ, ಅದೇ ಡೈ ಬಿಟ್ಟು ತೆಗೆಯೋ ಎಕ್ಸ್‌ರೇ ಮಾಡಿಸಿದ್ದೆ, ಎಡಗಡೆ ಟ್ಯೂಬ್ (ಅಂಡನಾಳ) ತುದಿ ಮುಚ್ಚಿ ನೀರು ತುಂಬಿದೆ, ಹೈಡ್ರೋಸಾಲ್ಪಿಂಕ್ಸ್ ಅಂತ ರಿಪೋರ್ಟಲ್ಲೇ ಇತ್ತು. ಹೊಸ ಡಾಕ್ಟರ ಹತ್ರ ಹೋಗುವಾಗ ಅದನ್ನ ಒಯ್ಯಲೇ ಇಲ್ಲ ನಾನು. ಐವಿಎಫ್‌ನಲ್ಲಿ ಎಂಬ್ರಿಯೋನ ಲ್ಯಾಬಲ್ಲಿ ಮಾಡಿ ನೇರ ಗರ್ಭಕೋಶಕ್ಕೇ ಬಿಡ್ತಾರಲ್ಲ, ಟ್ಯೂಬಿಗೇನು ಕೆಲಸ ಅಂತ ನನ್ನ ಲೆಕ್ಕ. ಅವರೂ ಹಳೇದು ಕೇಳಲಿಲ್ಲ, ಅವತ್ತಿನ ಸ್ಕ್ಯಾನಲ್ಲಿ ಅದು ಕಾಣಲೂ ಇಲ್ಲ, ಎಷ್ಟೋ ಸಲ ಕಾಣಲ್ಲ. ಟ್ಯೂಬಿಗೆ ಕೆಲಸ ಇಲ್ಲ ಸರಿ, ಆದ್ರೆ ಅದರೊಳಗಿನ ನೀರು ಸುಮ್ನೆ ಕೂರಲ್ಲ, ವಾಪಸ್ ಗರ್ಭಕೋಶಕ್ಕೆ ಸೋರುತ್ತೆ, ಎಂಬ್ರಿಯೋ ಅಂಟಿಕೊಳ್ಳೋಕೆ ಬಿಡಲ್ಲ. ಹಾಗೇ ಬಿಟ್ಟು ಐವಿಎಫ್ ಮಾಡಿದ್ರೆ ಬಸಿರು ನಿಲ್ಲೋ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತೆ. ಕಾಫಿ ಹೂ ಎಷ್ಟೇ ಚೆಂದ ಅರಳಲಿ, ಅರಳಿದ ದಿನಾನೇ ಮಳೆ ಹೊಡೆದ್ರೆ ಕಾಯಿ ಕಚ್ಚುತ್ತಾ?

ಆಮೇಲೆ ಲ್ಯಾಪ್ರೋಸ್ಕೋಪಿ, ಅದೇ ಸಣ್ಣ ತೂತಿನ ಆಪರೇಷನ್ ಮಾಡಿ ಆ ಟ್ಯೂಬ್ ತೆಗೆದ್ರು, ಕೆಲವರಿಗೆ ಬುಡದಲ್ಲಿ ಕ್ಲಿಪ್ ಹಾಕ್ತಾರೆ. ಫ್ರೀಜ್ ಮಾಡಿಟ್ಟಿದ್ದು 3ಬಿಬಿ, ಕಮ್ಮಿ ಗ್ರೇಡು, ಅದೇ ನಿಂತ್ಕೊಳ್ತು. ಟ್ಯೂಬ್ ತೆಗೆದಿದ್ದಕ್ಕೇ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ, ಆದ್ರೂ.

ಅದಕ್ಕೇ ಏನು ತಿನ್ಬೇಕು ಅನ್ನೋ ಪ್ರಶ್ನೇನೇ ಸರಿ ಇಲ್ಲ ಅಂತೀನಿ. ಫ್ರೀಜರಲ್ಲಿರೋ ಎಂಬ್ರಿಯೋಗೆ ನೀವು ಇಲ್ಲಿ ದಾಳಿಂಬೆ ತಿಂದ್ರೆ ಏನು ಬಂತು? 4 ಅಂದ್ರೆ ಎಷ್ಟು ಉಬ್ಬಿದೆ ಅಂತ, ಮೊದಲ ಎ ಮಗು ಆಗೋ ಕೋಶಗಳಿಗೆ, ಎರಡನೇದು ಮಾಸು ಆಗೋ ಕೋಶಗಳಿಗೆ, ಎಲ್ಲಾ ಮೈಕ್ರೋಸ್ಕೋಪಲ್ಲಿ ಕಂಡ ರೂಪ ಅಷ್ಟೆ. ಕ್ರೋಮೋಸೋಮ್ ಸರಿ ಇದೆಯಾ ಅಂತ ಗ್ರೇಡು ಹೇಳಲ್ಲ, ವಯಸ್ಸು 35 ದಾಟಿದ್ರೆ ಮೊದಲ ಅನುಮಾನ ಅದೇ. ನೀವು ವಯಸ್ಸು ಬರೆದೇ ಇಲ್ಲ.

ಇಂಟ್ರಾಲಿಪಿಡ್, ಅದೇ ರಕ್ತನಾಳಕ್ಕೆ ಕೊಡೋ ಕೊಬ್ಬಿನ ಡ್ರಿಪ್ಪು ಅಂತ ಯಾರಾದ್ರೂ ಅಂದ್ರೆ ದುಡ್ಡು ಸುರೀಬೇಡಿ, ಅದರಿಂದ ಉಪಯೋಗ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಮೊದಲು ಟ್ಯೂಬ್ ರಿಪೋರ್ಟ್ ಹುಡುಕಿ. ಗರ್ಭಕೋಶದೊಳಗೆ ಪಾಲಿಪ್ (ಒಳಪದರದ ಸಣ್ಣ ಬೆಳವಣಿಗೆ), ಒಳಕ್ಕೆ ಚಾಚಿದ ಫೈಬ್ರಾಯ್ಡ್ ಗಡ್ಡೆ ಇದೆಯಾ ಕೇಳಿ. ತಿನ್ನೋ ವಿಷಯ ಬೇಕೇಬೇಕು ಅಂದ್ರೆ ನಿಮ್ಮ ಯಜಮಾನ್ರಿಂದ ಶುರು ಮಾಡಿ, ಸಿಗರೇಟು ಇದ್ರೆ ಬಿಡಿಸಿ, ವೀರ್ಯ ಹೊಸದಾಗಿ ತಯಾರಾಗೋಕೆ ಸುಮಾರು 3 ತಿಂಗಳು ಬೇಕು, ಮತ್ತೆ ಮೊಟ್ಟೆ ತೆಗೆಸೋದಿದ್ರೆ ಆ ಲೆಕ್ಕ ಇಟ್ಕೊಂಡು ಡೇಟ್ ತಗೊಳ್ಳಿ.