ಹತ್ತು ಪ್ರತಿ ಮೊದಲು, ಉಳಿದದ್ದು ಆಮೇಲೆ

ಪ್ರಶ್ನೆ: ಮೇಡಂ, ನಾನು ಬ್ಯಾಂಕಿನಿಂದ ನಿವೃತ್ತನಾದವನು. ಎಂಟು ವರ್ಷದಿಂದ ನಮ್ಮ ಮನೆತನದ ವಿವರ ಕೂಡಿಹಾಕುತ್ತಿದ್ದೇನೆ. ಮೂರು ಫೈಲು ತುಂಬಿದೆ. ಹಿರಿಯರ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೇನೆ. ನಮ್ಮ ಮುತ್ತಾತ ಕನ್ನಂಬಾಡಿ ಕಟ್ಟೆಯಿಂದ (ಕೆಆರ್‌ಎಸ್ ಅಣೆಕಟ್ಟು) ಊರು ಮುಳುಗುವಾಗ ಸಂಸಾರ ಸಮೇತ ಈ ಕಡೆ ಬಂದವರು. ಅವರಿಂದ ಹಿಂದಕ್ಕೆ ಏನೂ ಸಿಗುತ್ತಿಲ್ಲ. ಅದು ಸಿಗುವ ತನಕ ಪುಸ್ತಕ ನಿಲ್ಲಿಸಬೇಕಾ? ಅಚ್ಚು ಹಾಕಿಸುವುದು ಹೇಗೆ?
(ಓದುಗರು, ಪಾಂಡವಪುರ)

ಉತ್ತರ: ನಿಲ್ಲಿಸಬೇಡಿ. ಈ ತಿಂಗಳೇ ಬರೆಯಲು ಕೂರಿ. ಕಾಗದದಲ್ಲಿರುವ ಹೆಸರು ಇನ್ನು ಐದು ವರ್ಷ ಬಿಟ್ಟು ಹುಡುಕಿದರೂ ಸಿಗಬಹುದು. ನಿಮ್ಮ ಮೊಬೈಲಿನಲ್ಲಿ ಮಾತಾಡಿರುವ ಹಿರಿಯರು ಅಷ್ಟು ದಿನ ಕಾಯುತ್ತಾರಾ? ಅವರು ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಬೇಕು, ಅಲ್ವಾ?

ಎಲ್ಲಿಂದ ಶುರು ಮಾಡಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗೋತ್ರ, ಮೂಲಪುರುಷ ಅಂತ ಶುರು ಮಾಡಬೇಡಿ. ಮುತ್ತಾತ ಊರು ಬಿಟ್ಟ ದಿನದಿಂದ ಶುರು ಮಾಡಿ. ಗಾಡಿಗೆ ಏನೇನು ಹೇರಿದರು, ಏನನ್ನು ಬಿಟ್ಟು ಬಂದರು, ದನ ಯಾರು ಹೊಡೆದುಕೊಂಡು ಬಂದರು, ಮೊದಲ ರಾತ್ರಿ ಎಲ್ಲಿ ಮಲಗಿದರು. ಇಂಥದ್ದನ್ನು ಕೇಳಿ. ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ, ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಎತ್ತರ ಹಂತಹಂತವಾಗಿ ಏರಿತು. ಹಾಗಾಗಿ ‘ಕಟ್ಟೆ ಕಟ್ಟುವಾಗ’ ಅಂದರೆ ಒಂದೇ ವರ್ಷ ಅಲ್ಲ. ಯಾವ ಮಗು ಅಲ್ಲಿ ಹುಟ್ಟಿತು, ಯಾವುದು ಇಲ್ಲಿ ಹುಟ್ಟಿತು ಅಂತ ಕೇಳಿದರೆ ವರ್ಷ ತಾನಾಗಿ ಹತ್ತಿರ ಬರುತ್ತದೆ. ಸಾಧ್ಯವಾದರೆ ಹಿರಿಯರೊಬ್ಬರನ್ನು ಹೊಸ ಕನ್ನಂಬಾಡಿಗೆ ಕರೆದುಕೊಂಡು ಹೋಗಿ. ಹಿನ್ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಅಲ್ಲಿ ಮತ್ತೆ ಎಬ್ಬಿಸಿದ್ದಾರೆ. ಮನೆಯ ಜಗಲಿ ಮೇಲೆ ಬಾರದ ಮಾತು ಅಲ್ಲಿ ನೀರು ನೋಡುತ್ತಾ ನಿಂತಾಗ ಬರುತ್ತದೆ.

ಹಿಂದಕ್ಕೆ ಸಿಗುತ್ತಿಲ್ಲ ಅಂದಿರಿ. ಬಹುಶಃ ನೀವು ತಪ್ಪು ಹೆಸರಲ್ಲಿ ಹುಡುಕುತ್ತಿದ್ದೀರಿ. ನಿಮ್ಮ ಪಾಂಡವಪುರವೇ ಹಳೆಯ ಕಾಗದಗಳಲ್ಲಿ ಹಿರೋಡೆ, ಇಲ್ಲವೇ ಫ್ರೆಂಚ್ ರಾಕ್ಸ್. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಅದಕ್ಕೆ ಮುಂಚಿನದೆಲ್ಲ ಮೈಸೂರು ಜಿಲ್ಲೆಯ ಲೆಕ್ಕದಲ್ಲಿತ್ತು. ಮಂಡ್ಯದಲ್ಲಿ ‘ಇಲ್ಲ’ ಅಂದರೆ ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲೂ ಕೇಳಿ. ನಿಮ್ಮ ಮನೆದೇವರು ಯಾವ ಊರಿನದು ಅಂತಲೂ ನೋಡಿ. ಹತ್ತಿರದಲ್ಲೇ ಅಷ್ಟು ಗುಡಿ ಇದ್ದೂ ದೂರದ ಊರಿಗೆ ಹರಕೆ ತೀರಿಸಲು ಹೋಗುತ್ತೀರಾದರೆ ಹಿರಿಯರು ಆ ಕಡೆಯಿಂದ ಬಂದಿರಬಹುದು. ಎತ್ತಿನ ಮೇಲೆ ಕೂತು ಬಂದು ವಂಶಾವಳಿ ಹೇಳುತ್ತಿದ್ದ ಹೆಳವರು ನಿಮ್ಮ ಮನೆಗೆ ಬರುತ್ತಿದ್ದರೇ ಅಂತಲೂ ವಿಚಾರಿಸಿ.

ಊರು ಎಷ್ಟು ಹಳೆಯದು ಅಂತ ತಿಳಿಯಲು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6ನೇ ಸಂಪುಟ ನೋಡಿ. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಆದರೆ ಯಾವುದೋ ವೀರಗಲ್ಲಿನಲ್ಲಿ ನಿಮ್ಮ ತಾತನ ಹೆಸರೇ ಸಿಕ್ಕಿತು ಅಂತ ಆ ವೀರನನ್ನು ನಿಮ್ಮ ವಂಶಕ್ಕೆ ಸೇರಿಸಬೇಡಿ. ಶಾಸನ ಊರಿನ ಕಥೆ ಹೇಳುತ್ತದೆ, ನಿಮ್ಮ ಮನೆಯದಲ್ಲ.

ಇಸವಿ ಹಾಕುವಾಗಲೂ ಜೋಪಾನ. ‘ಧಾತು ಈಶ್ವರದ ಬರದಲ್ಲಿ’ ಅಂದರೆ 1876ರಿಂದ 78, ಅದರಲ್ಲಿ ಅನುಮಾನವಿಲ್ಲ. ‘ವಿಳಂಬಿ’ ಅಂತಷ್ಟೇ ಇದ್ದರೆ 1898 ಆಗಬಹುದು, 1958 ಕೂಡ ಆಗಬಹುದು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ‘ಪ್ಲೇಗ್ ಬಂದ ವರ್ಷ’ ಅಂದ ಕೂಡಲೇ 1898 ಅಂತ ಬರೆಯಬೇಡಿ. ಮೈಸೂರು ಸೀಮೆಗೆ ಪ್ಲೇಗ್ ಆಗ ಮೊದಲು ಬಂತು ನಿಜ, ಆಮೇಲೂ ಎಷ್ಟೋ ಸಲ ಬಂತು. ಗೊತ್ತಿಲ್ಲದ ಕಡೆ ‘ಸುಮಾರು’ ಅಂತ ಹಾಕಿ.

ಈಗ ಮುಖ್ಯವಾದ ಮಾತು. ಇದನ್ನು ನಾನು ಕಷ್ಟಪಟ್ಟು ಕಲಿತೆ.

ನಮ್ಮ ತವರಿನ ಪುಸ್ತಕ ಮಾಡಿದಾಗ ನಾನು ಮೈಸೂರಿನ ಶಾಲೆಯಿಂದ ನಿವೃತ್ತಳಾಗಿ ಎರಡು ವರ್ಷ ಆಗಿತ್ತು. ಆರು ವರ್ಷದ ಕೆಲಸ ಅದು. ಯಾರಿಗೂ ತೋರಿಸದೆ, ಎಲ್ಲರಿಗೂ ಒಮ್ಮೆಲೇ ಕೊಟ್ಟು ಖುಷಿಪಡಿಸೋಣ ಅಂತ 300 ಪ್ರತಿ ಅಚ್ಚು ಹಾಕಿಸಿದೆ. ಮೊದಲ ಪ್ರತಿ ತೆಗೆದುಕೊಂಡು ಕೆ.ಆರ್. ಪೇಟೆಗೆ ಹೋದೆ. ನಮ್ಮ ತಾತನ ಕೊನೆಯ ತಂಗಿ ಅಲ್ಲಿದ್ದರು, 86 ವರ್ಷ. ಕನ್ನಡಕ ಹಾಕಿಕೊಂಡು, ವಂಶವೃಕ್ಷದ ಪುಟ ಬಿಡಿಸಿ, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದಿದರು. ನಾಲ್ಕು ಅಣ್ಣಂದಿರ ಹೆಸರೂ ಓದಿದರು. ಬೆರಳು ನಾಲ್ಕನೆಯವರ ಪಕ್ಕದ ಖಾಲಿ ಜಾಗಕ್ಕೆ ಬಂದು ನಿಂತಿತು. ಮತ್ತೆ ಮೊದಲಿಂದ ಓದಿದರು. ಆಮೇಲೆ ಮೆಲ್ಲಗೆ, ‘ನನ್ ಹೆಸ್ರು ಎಲ್ಲದೆ ಮಗ?’ ಅಂದರು.

ನಾನು ಜಮೀನು ಭಾಗಕ್ಕೆ ಮಾಡಿಸಿದ್ದ ಹಳೆಯ ವಂಶವೃಕ್ಷವನ್ನೇ ನಂಬಿ ಇಳಿಸಿಕೊಂಡಿದ್ದೆ. ಅದರಲ್ಲಿ ಭಾಗಸ್ಥರಾದ ಗಂಡುಮಕ್ಕಳು ಮಾತ್ರ ಇದ್ದರು. ಅದೇ ಅಜ್ಜಿಯ ಮಡಿಲಲ್ಲಿ ಬೆಳೆದ ನಾನು ಅದನ್ನು ಗಮನಿಸಿರಲಿಲ್ಲ. ಆ ದಿನ ಸಂಜೆಯವರೆಗೂ ಅವರು ಮಾತಾಡಿದರು. ಮನೆ ಮುಂದಿನ ಬಾವಿ ತೋಡಿಸಿದ್ದು ಅವರ ತಾಯಿ, ಕಾಲಿನ ಕಡಗ ಮಾರಿ. ಅದನ್ನು ಬೇರೆ ಯಾರೂ ನನಗೆ ಹೇಳಿರಲಿಲ್ಲ. ಪುಸ್ತಕದಲ್ಲಿ ಆ ಬಾವಿಯ ಫೋಟೋ ಇತ್ತು, ಕೆಳಗೆ ತಾತನ ಹೆಸರು ಇತ್ತು. ಅವರ ಹೆಸರು ಸೇರಿಸಿದ ಎರಡನೇ ಮುದ್ರಣ ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಹಾಗಾಗಿ ನೀವು ಹೀಗೆ ಮಾಡಿ. ಬರೆದದ್ದನ್ನು ಹಾಳೆಯ ಒಂದೇ ಮಗ್ಗುಲಿಗೆ ಪ್ರಿಂಟ್ ತೆಗೆದು, ಹತ್ತು ಪ್ರತಿ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ. ಅಕ್ಷರ ದೊಡ್ಡದಿರಲಿ. ಪ್ರತಿಯೊಂದಕ್ಕೂ ಒಂದು ಪೆನ್ಸಿಲ್ ಕಟ್ಟಿ, ಹತ್ತು ಮನೆಗೆ ಕೊಟ್ಟು ಬನ್ನಿ. ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೆ ಮೊದಲು ಕೊಡಿ. ಒಂದು ತಿಂಗಳು ಬಿಡಿ. ‘ನಿಮ್ಮ ನೆನಪು ಹೇಳಿ’ ಅಂದರೆ ಸುಮ್ನೆ ಕೂರುವವರು, ‘ಇಲ್ಲಿ ತಪ್ಪಿದೆಯಾ ನೋಡಿ’ ಅಂದರೆ ಮಗ್ಗುಲ ಖಾಲಿ ಪುಟ ತುಂಬಿಸಿ ಕೊಡುತ್ತಾರೆ. ನಿಮ್ಮ ಪುಸ್ತಕದ ಅರ್ಧ ಜೀವ ಆ ಪುಟಗಳಲ್ಲೇ ಬರುತ್ತದೆ, ನಂಬಿ.

ಅಚ್ಚಿನ ವಿಷಯ ಬೇಗ ಹೇಳಿಬಿಡುತ್ತೇನೆ. ಡೆಮಿ ಅಳತೆ, ಅಂದರೆ ಕಾದಂಬರಿಗಳ ಸಾಮಾನ್ಯ ಅಳತೆ ಸಾಕು. 16 ಪುಟಕ್ಕೆ ಒಂದು ಫಾರಂ ಲೆಕ್ಕ, 160 ಪುಟ ಅಂದರೆ ಹತ್ತು ಫಾರಂ. ಮನೆಯವರಿಗಷ್ಟೇ ಅಂದರೆ ನೂರು, ನೂರೈವತ್ತು ಪ್ರತಿ ಡಿಜಿಟಲ್‌ನಲ್ಲಿ ಹಾಕಿಸಿ. ಜಾಸ್ತಿ ಬೇಕಾದರೆ ಆಫ್‌ಸೆಟ್. ಅಂಟಿನ ಬೈಂಡಿಂಗ್ ಬೇಡ, ಹೊಲಿಗೆ ಹಾಕಿಸಿ. ಈ ಪುಸ್ತಕವನ್ನು ಮೊಮ್ಮಕ್ಕಳೂ ತೆರೆಯಬೇಕು. ಹಳೆಯ ಫೋಟೋಗಳನ್ನು ಮೊಬೈಲಿನಲ್ಲಿ ಹಿಡಿಯಬೇಡಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸಿದ್ದರೆ ಅರ್ಕಾವತ್ತು, ಒತ್ತಕ್ಷರ ಎಡವಟ್ಟಾಗಿರುತ್ತವೆ, ಕರಡನ್ನು ಕಾಗದದ ಮೇಲೇ ತಿದ್ದಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಸರ್ಕಾರ ಹಣ ತೆಗೆದುಕೊಳ್ಳುವುದಿಲ್ಲ, ನೀವೇ ಪ್ರಕಾಶಕರಾಗಿ ಅರ್ಜಿ ಹಾಕಬಹುದು. ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ನ್ಯಾಷನಲ್ ಲೈಬ್ರರಿ ಸೇರಿ ನಾಲ್ಕು ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕು. 1954ರ ಕಾಯ್ದೆ ಅದು. ನಿಮ್ಮೂರಿನ ಲೈಬ್ರರಿಗೂ ಒಂದು ಕೊಡಿ.

ಪ್ರಶ್ನೆ: ನಮ್ಮ ದೊಡ್ಡಪ್ಪನಿಗೆ ಎರಡನೇ ಸಂಸಾರ ಇತ್ತು. ಅದರಿಂದ ಮನೆಯಲ್ಲಿ ದೊಡ್ಡ ಜಗಳ ಆಗಿತ್ತು. ಪುಸ್ತಕದಲ್ಲಿ ಬರೆಯಬೇಡ ಅಂತ ಅಕ್ಕ ಹೇಳುತ್ತಾಳೆ. ಬಿಟ್ಟುಬಿಡಲೇ?
(ಓದುಗರು, ಮೈಸೂರು)

ಉತ್ತರ: ಅಕ್ಕನ ಮಾತಿನಲ್ಲಿ ಅರ್ಧ ಸರಿ. ಬದುಕಿರುವವರ ಜಗಳ ಪುಸ್ತಕಕ್ಕೆ ಬೇಡ. ಆಸ್ತಿ ವಿಷಯ ಕೋರ್ಟಿನಲ್ಲಿದ್ದರೆ ವಂಶವೃಕ್ಷದ ಪುಟವನ್ನು ಒಮ್ಮೆ ವಕೀಲರಿಗೆ ತೋರಿಸಿ. ಆ ಮನೆಯ ಮಕ್ಕಳ ಹತ್ತಿರ ಹೋಗಿ, ಅವರ ಬಗ್ಗೆ ಬರೆದದ್ದನ್ನು ಓದಿ ಹೇಳಿ. ಅವರು ಬೇಡ ಅಂದ ಸಾಲು ತೆಗೆಯಿರಿ. ಅವರೇ ಬೇಡ ಅನ್ನದ ಹೊರತು ಆ ತಾಯಿಯ ಹೆಸರು, ಮಕ್ಕಳ ಹೆಸರು ಮಾತ್ರ ತೆಗೆಯಬೇಡಿ.